ಗುಂಪಿಗೆ ಸೇರದ್ದನ್ನು ಗುರುತಿಸಿ

"ಅತ್ತೆ, ಗೋಡೆ ಗಟ್ಟಿಯಾಗಿ ಹಿಡ್ಕೊಂಡು ಕೂತ್ಕೊ! ಮಳವಳ್ಳಿ ತಾಲ್ಲೂಕ್ನಲ್ಲೇ ಇಂಥದ್ದು ಇವತ್ತಿನವರ್ಗೂ ಹುಟ್ಟಿಲ್ಲ!"

ದೇವೀರಮ್ಮ ಗೋಡೆ ಹಿಡಿಯಲಿಲ್ಲ. ಬೆಳ್ಳುಳ್ಳಿ ಸುಲಿಯುವುದನ್ನೂ ನಿಲ್ಲಿಸಲಿಲ್ಲ. ನಿಂಗರಾಜು ಹೀಗೆ ಕೂಗಿಕೊಂಡು ಬಂದಾಗಲೆಲ್ಲ ಮನೆಗೆ ಏನಾದರೊಂದು ಗ್ರಹಚಾರ ಕಾದಿರುತ್ತದೆ ಎಂಬುದು ಆಕೆಗೆ ಚೆನ್ನಾಗಿ ಗೊತ್ತು. ರೊಟ್ಟಿಯನ್ನು ತಾನೇ ಮಗುಚುವ ಹೆಂಚು ಮಾಡಿದಾಗಲೂ ಅವನು ಹೀಗೇ ಕೂಗಿದ್ದ. ಆ ಹೆಂಚು ಮಗುಚಿದ ರೊಟ್ಟಿಯೊಂದು ಈಗಲೂ ಅಡುಗೆಮನೆಯ ತೊಲೆಗೆ ಅಂಟಿಕೊಂಡಿದೆ. ಕೋಳಿಗಳನ್ನು ಹೊತ್ತಿಗೆ ಸರಿಯಾಗಿ ಗೂಡಿಗೆ ಕರೆಯುವ ಪೀಪಿ ಮಾಡಿದ್ದ; ಅದನ್ನು ಊದಿದರೆ ಕೋಳಿಗಳು ಅಲುಗಾಡುತ್ತಿರಲಿಲ್ಲ, ಎದುರುಮನೆಯ ಮರಿಚಿಕ್ಕಣ್ಣ ಮಾತ್ರ ನಿದ್ದೆಯಿಂದೆದ್ದು ಬಯ್ಯುತ್ತ ಬರುತ್ತಿದ್ದ. ಅವನು ಮಾಡಿದ್ದರಲ್ಲಿ ಸರಿಯಾಗಿ ಕೆಲಸ ಮಾಡಿದ್ದು ಒಂದೇ, ಸೊಳ್ಳೆ ಹಿಡಿಯುವ ಡಬ್ಬಿ. ಅದನ್ನು ಮಾಡಿದ್ದು ಹೋದ ವರ್ಷ, ಅವನ ಹೆಂಡತಿ ಮಂಗಳ ಡೆಂಗಿ ಜ್ವರದಲ್ಲಿ ತೀರಿಹೋದ ಮೇಲೆ. ಆ ಡಬ್ಬಿಯ ಮಾತನ್ನು ಮನೆಯಲ್ಲಿ ಯಾರೂ ಎತ್ತುವುದಿಲ್ಲ.

ಮಂಗಳ ದೇವೀರಮ್ಮನ ಒಬ್ಬಳೇ ಮಗಳು. ನಿಂಗರಾಜು ದೇವೀರಮ್ಮನ ಒಡಹುಟ್ಟಿದ ಅಣ್ಣನ ಮಗ. ಹಾಗಾಗಿ ಅವನು ಅಳಿಯನೂ ಹೌದು, ಆಕೆ ಎತ್ತಿ ಆಡಿಸಿದ ಕೂಸೂ ಹೌದು. ಮೂಗು ಒರೆಸಿ, ಬೆನ್ನಿಗೆ ಗುದ್ದಿ ಬೆಳೆಸಿದ ಹುಡುಗನಿಗೆ ಮದುವೆಯಾದ ಮಾರನೆಯ ದಿನದಿಂದ 'ಬನ್ನಿ, ಕೂತ್ಕೊಳ್ಳಿ' ಎನ್ನು ಅಂದರೆ ಯಾವ ಅತ್ತೆಯ ನಾಲಿಗೆ ತಿರುಗೀತು? ಮಗಳು ಹೋದ ಮೇಲೆ ಆಕೆ, ತನಗೆ ತವರೂ ಆಗಿದ್ದ ಈ ಮನೆಗೆ ಬಂದು ನಿಂತಿದ್ದಳು. ಹತ್ತು ವರ್ಷದ ಮೊಮ್ಮಗಳು ಇಂಚರಳ ಜಡೆ ಹೆಣೆಯಲು ಮನೆಯಲ್ಲಿ ಒಂದು ಹೆಣ್ಣು ಕೈ ಬೇಕಿತ್ತು.

"ಏನ್ಲಾ ಅದು? ಒಲೆ ಮ್ಯಾಲೆ ಇಡೋದಾ, ಕೋಳಿಗೂಡಿಗೆ ಇಡೋದಾ?"

"ಎರಡೂ ಅಲ್ಲ ಕಣತ್ತೆ! ಇದು ಮೇಷ್ಟ್ರು! ಹೆಸರು ಮೌನಗುರು!"

ಮೌನಗುರುವಿಗೆ ಹಳೆಯ ಟೀವಿ ಡಬ್ಬದ ಹೊಟ್ಟೆ. ಮಗುವಿನ ತಳ್ಳುಗಾಡಿಯ ನಾಲ್ಕು ಚಕ್ರಗಳು. ಗುಜರಿಗೆ ಹೋದ ಬಸ್ಸೊಂದರ ವೈಪರ್‌ಗಳೇ ಎರಡು ಕೈ, ಕೈಯ ತುದಿಗೆ ಬಿಸಿ ಪಾತ್ರೆ ಹಿಡಿಯುವ ಇಕ್ಕಳ. ನೆತ್ತಿಯ ಮೇಲೆ ಒಂಟಿ ಕ್ಯಾಮೆರಾ ಕಣ್ಣು. ಬಸ್‌ಸ್ಟ್ಯಾಂಡ್ ಪಕ್ಕದ ತನ್ನ ಮಿಕ್ಸಿ ರಿಪೇರಿ ಅಂಗಡಿಗೆ ಬಂದ ಗಿರಾಕಿಗಳನ್ನೆಲ್ಲ 'ನಾಳೆ ಬನ್ನಿ' ಎಂದು ಅಟ್ಟಿ, ನಿಂಗರಾಜು ಇದನ್ನು ಕಟ್ಟಿದ್ದ.

"ಮೇಷ್ಟ್ರು ಅಂತೀಯ, ಬಾಯೇ ಕಾಣಲ್ವಲ್ಲ?"

"ಅದೇ ವಿಶೇಷ! ಮಾತಿಲ್ಲದ ಪರೀಕ್ಷೆಗೆ ಮಾತಿಲ್ಲದ ಮೇಷ್ಟ್ರು! ಸರಿ ಉತ್ತರಕ್ಕೆ ಸೈಕಲ್ ಬೆಲ್ಲು, ತಪ್ಪು ಉತ್ತರಕ್ಕೆ ಲಾರಿ ಹಾರನ್ನು. ಅಷ್ಟೇಯ!"

ಪರೀಕ್ಷೆ ಅಂದರೆ ವಸತಿ ಶಾಲೆಯ ಪ್ರವೇಶ ಪರೀಕ್ಷೆ. ಅದರಲ್ಲೊಂದು ದೊಡ್ಡ ಭಾಗದಲ್ಲಿ ಅಕ್ಷರವೇ ಇರುವುದಿಲ್ಲ, ಬರೀ ಚಿತ್ರಗಳು. ಸಾಲಿನಲ್ಲಿ ಮುಂದಿನ ಚಿತ್ರ ಯಾವುದು, ಖಾಲಿ ಜಾಗಕ್ಕೆ ಕೂರುವ ತುಂಡು ಯಾವುದು, ಗುಂಪಿಗೆ ಸೇರದ್ದು ಯಾವುದು ಎಂದು ಕಣ್ಣಲ್ಲೇ ಕಂಡುಹಿಡಿದು ಗುರುತು ಹಾಕಬೇಕು. ಮಗಳು ಆ ಶಾಲೆ ಸೇರಬೇಕು ಎಂಬುದು ಮಂಗಳಳ ಆಸೆ. 'ಭಾವ, ಊರೋರಿಗೆಲ್ಲ ಬೇಡದ್ದು ಮಾಡ್ತೀಯ, ಮಗೀಗೆ ಆ ಚಿತ್ರದ ಲೆಕ್ಕ ಹೇಳ್ಕೊಡೋದು ಒಂದು ಮಾಡ್ಕೊಡು' ಎಂದು ಗಂಡನ ಬೆನ್ನು ಬಿದ್ದಿದ್ದಳು. ಮಾಡೋಣ ಮಾಡೋಣ ಎನ್ನುವಷ್ಟರಲ್ಲಿ ಅವಳೇ ಹೋಗಿಬಿಟ್ಟಳು. ಅವಳು ಹೋದಂದಿನಿಂದ ಇಂಚರ ಕೇಳಿದ್ದಕ್ಕೆ ಒಂದೊಂದು ಮಾತಿನ ಉತ್ತರ ಕೊಡುತ್ತಾಳೆ, ಅಷ್ಟೆ. ಮಾತಿಲ್ಲದ ಪರೀಕ್ಷೆಯನ್ನು ಈ ಹುಡುಗಿಗೆಂದೇ ಮಾಡಿದಂತಿದೆ ಎಂದು ಶಾಲೆಯ ಟೀಚರ್ ಹೇಳಿದ್ದರು. ಅವರು ಹೊಗಳಿ ಹೇಳಿದ್ದು, ದೇವೀರಮ್ಮನಿಗೆ ಮಾತ್ರ ಅದು ಹೊಗಳಿಕೆ ಅನ್ನಿಸಿರಲಿಲ್ಲ.

ನಿಂಗರಾಜು ಮಣೆಯ ಮೇಲೆ ಐದು ಲೋಟ ಸಾಲಾಗಿ ಇಟ್ಟ. ನಾಲ್ಕು ಸ್ಟೀಲಿನವು, ಒಂದು ಹಿತ್ತಾಳೆಯದು. ಮೌನಗುರುವಿನ ಕಣ್ಣು ಎಡದಿಂದ ಬಲಕ್ಕೆ ಹೊರಳಿತು. ವೈಪರ್ ಕೈ ಎದ್ದಿತು. ಹಿತ್ತಾಳೆ ಲೋಟವನ್ನು ಇಕ್ಕಳದಲ್ಲಿ ಹಿಡಿದು ಹಿಂದಕ್ಕೆ ಎಸೆಯಿತು! ಲೋಟ ಗೋಡೆಗೆ ಬಡಿದು, ಬಾಯಿ ಚಪ್ಪಟೆಯಾಗಿ ದೇವೀರಮ್ಮನ ಮಡಿಲಿಗೆ ಬಿತ್ತು.

ಟ್ರಿಣ್!

"ನೋಡಿದ್ಯಾ? ಗುಂಪಿಗೆ ಸೇರದ್ದು! ಹೊರಕ್ಕೆ ಹಾಕ್ತು!"

"ಅದು ನಿಮ್ಮಪ್ಪ ಕಾಫಿ ಕುಡೀತಿದ್ದ ಲೋಟ ಕಣ್ಲಾ ಹಡಬೆ! ಈ ಮೇಷ್ಟ್ರನ್ನ ಮೊದ್ಲು ಆಚೆಗೆ ಹಾಕು!"

"ಸ್ವಲ್ಪ ಜೋರು ಜಾಸ್ತಿಯಾಯ್ತು, ಒಂದು ಸ್ಕ್ರೂ ಬಿಗಿದ್ರೆ ಆಯ್ತು. ಇಂಚರಾ, ಬಾ ಮಗ, ಈಗ ನೀನು ಹೇಳು."

ಅವನು ಹಾಳೆಯೊಂದನ್ನು ಹಿಡಿದ. ಐದು ಮೀನುಗಳು. ನಾಲ್ಕು ಬಲಕ್ಕೆ ಮುಖ ಮಾಡಿವೆ, ಒಂದು ಎಡಕ್ಕೆ. ಇಂಚರ ನೋಡಿದಳು. ಕೈ ಎತ್ತಲಿಲ್ಲ.

"ಗೊತ್ತಾಗ್ಲಿಲ್ವಾ?"

"ಗೊತ್ತು."

"ಮತ್ತೆ ತೋರ್ಸು."

"ತೋರ್ಸಲ್ಲ."

"ಯಾಕವ್ವ?" ಎಂದಳು ದೇವೀರಮ್ಮ.

ಇಂಚರ ಚಪ್ಪಟೆಯಾದ ಲೋಟದ ಕಡೆ ನೋಡಿ, "ತೋರ್ಸಿದ್ರೆ ಅದನ್ನ ಹೊರಗೆ ಹಾಕ್ತಾರೆ" ಎಂದಳು.

ಉಳಿದದ್ದೆಲ್ಲ ಆ ಹುಡುಗಿಗೆ ನೀರು ಕುಡಿದಷ್ಟು ಸಲೀಸು. ಮುಂದಿನ ಚಿತ್ರ, ಕನ್ನಡಿಯ ಬಿಂಬ, ಮಡಿಸಿ ಕತ್ತರಿಸಿದ ಕಾಗದ, ಎಲ್ಲದಕ್ಕೂ ಟ್ರಿಣ್ ಟ್ರಿಣ್! ಗುಂಪಿಗೆ ಸೇರದ್ದು ಎಂದರೆ ಮಾತ್ರ ತುಟಿ ಬಿಗಿ. ಕಾರಣ ದೇವೀರಮ್ಮನಿಗೆ ಗೊತ್ತಿತ್ತು. ಶಾಲೆಯಲ್ಲಿ ತಾಯಂದಿರ ಸಭೆಯ ದಿನ, ಅಮ್ಮ ಬಂದವರು ಈ ಕಡೆ ನಿಲ್ಲಿ, ಬಾರದವರು ಆ ಕಡೆ ನಿಲ್ಲಿ ಎಂದಿದ್ದರಂತೆ. ಆ ಕಡೆ ನಿಂತದ್ದು ಇಂಚರ ಒಬ್ಬಳೇ. ಆ ಪ್ರಶ್ನೆಗಳನ್ನೆಲ್ಲ ಬಿಟ್ಟು ಬಂದರೆ ಸೀಟು ಸಿಗುವುದಿಲ್ಲ, ಸೀಟು ಸಿಗದಿದ್ದರೆ ಮಂಗಳ ಆಸೆಪಟ್ಟ ಒಂದೇ ಒಂದು ವಿಷಯವೂ ಮಣ್ಣುಪಾಲು. ಮಗಳಿಗಂತೂ ಔಷಧಿ ಹಿಡಿಯಲಿಲ್ಲ, ಅವಳ ಮಾತಾದರೂ ಉಳಿಯಲಿ ಎಂದು ದೇವೀರಮ್ಮ ದಿನಾ ದೇವರ ಮುಂದೆ ಕೂತು ಬೇಡುತ್ತಿದ್ದಳು.

* * *

ನಿಂಗರಾಜು ಸ್ಕ್ರೂ ಬಿಗಿದ. ಈಗ ಮೌನಗುರು ಏನನ್ನೂ ಎಸೆಯುವುದಿಲ್ಲ, ಗುಂಪಿಗೆ ಸೇರದ್ದನ್ನು ಮೆಲ್ಲಗೆ ಎತ್ತಿ ಅದು ಸೇರಬೇಕಾದ ಕಡೆಗೇ ಒಯ್ದು ಇಡುತ್ತದೆ ಎಂದು ಆಣೆ ಮಾಡಿದ. ಅದಕ್ಕೊಂದು ಹೊಸ ಚಟವನ್ನೂ ಕಲಿಸಿದ್ದ. ಗುಂಡಿ ಒತ್ತುವುದೇ ಬೇಡ. ಎದುರಿಗೆ ಯಾವುದಾದರೂ ಸಾಲು ಕಣ್ಣಿಗೆ ಬಿದ್ದರೆ ಸಾಕು, ನಿದ್ದೆಯಲ್ಲಿದ್ದರೂ ಎಚ್ಚರವಾಗಿ ಪಾಠ ಶುರು ಮಾಡುತ್ತದೆ!

ಆ ವಾರ ಮಹಿಳಾ ಸಂಘದ ಸಭೆ ದೇವೀರಮ್ಮನ ಮನೆಯಲ್ಲೇ ನಡೆಯಿತು. ಸಂಘದ ಹೆಂಗಸರೆಲ್ಲ ಹಸಿರು ಸೀರೆಯುಟ್ಟು ಗೋಡೆಯುದ್ದಕ್ಕೂ ಸಾಲಾಗಿ ಕೂತರು. ಹೊಸದಾಗಿ ಸೇರಿದ ದೇವೀರಮ್ಮನಿಗೆ ಹಸಿರು ಸೀರೆ ಇನ್ನೂ ಬಂದಿರಲಿಲ್ಲ, ತನ್ನ ಕೆಂಪು ಸೀರೆಯಲ್ಲಿ ನಡುವೆ ಕೂತಿದ್ದಳು. ಮೂಲೆಯಲ್ಲಿ ಕಣ್ಣೊಂದು ತೆರೆಯಿತು.

"ಲೋ ನಿಂಗಾ! ಲೋ! ನಿನ್ ಮೇಷ್ಟ್ರು ನನ್ ಸೆರಗು ಹಿಡೀತಾವ್ನೆ ಕಣ್ಲಾ!"

ನಿಂಗರಾಜು ಅಂಗಡಿಯಲ್ಲಿದ್ದ. ಮೌನಗುರು ಬಹಳ ಮರ್ಯಾದೆಯಿಂದ, ಒಂದು ಕೈಯಲ್ಲಿ ಸೆರಗನ್ನೂ ಇನ್ನೊಂದರಲ್ಲಿ ಮಣಿಕಟ್ಟನ್ನೂ ಹಿಡಿದು, ದೇವೀರಮ್ಮನನ್ನು ಎಬ್ಬಿಸಿ, ಹಜಾರ ದಾಟಿಸಿ, ಜಗಲಿಗೆ ಕರೆದೊಯ್ದಿತು. ಅಲ್ಲಿ ಎರಡು ಗ್ಯಾಸ್ ಸಿಲಿಂಡರ್‌ಗಳಿದ್ದವು, ಕೆಂಪು ಬಣ್ಣದವು. ಅವೆರಡರ ನಡುವೆ ಆಕೆಯನ್ನು ಕೂರಿಸಿ, ಸೆರಗು ಸರಿಮಾಡಿ, ಟ್ರಿಣ್!

ಸಂಘದ ಹೆಂಗಸರು ನಕ್ಕು ನಕ್ಕು ಒಬ್ಬರ ಮೇಲೊಬ್ಬರು ಬಿದ್ದರು. ಅವರಲ್ಲೊಬ್ಬಳು ಮೊಬೈಲಿನಲ್ಲಿ ಫೋಟೋ ಹೊಡೆದಳು. ಮುಂದಿನ ವಾರ ಅದಕ್ಕೆ ಕಟ್ಟು ಹಾಕಿಸಿ, ಸಂಘದ ಕಾಣಿಕೆ ಎಂದು ತಂದೂ ಕೊಟ್ಟರು! ಬಿಳಿ ಕೂದಲು ಕೆದರಿಕೊಂಡು, ಎರಡು ಸಿಲಿಂಡರ್‌ಗಳ ನಡುವೆ ಕಣ್ಣು ಕೆಂಪಗೆ ಮಾಡಿ ಕೂತ ದೇವೀರಮ್ಮ. ಆಕೆ ಅದನ್ನು ಒಲೆಗೆ ಹಾಕಹೊರಟಳು. ಇಂಚರ ಕಿತ್ತುಕೊಂಡು ನಡುಮನೆಯ ಟೀವಿಯ ಮೇಲೆ ಇಟ್ಟಳು.

"ಹೊರಗೆ ಹಾಕೋದು ಸಾಕು ಕಣೋ" ಎಂದಳು ದೇವೀರಮ್ಮ ಅಂದು ಅಳಿಯನಿಗೆ. "ಸಾವು ಒಬ್ಳನ್ನ ಹಾಕಿರೋದು ಸಾಲ್ದಾ ಈ ಮನೇಲಿ? ತುಂಬೋದು ಇದ್ರೆ ಕಲ್ಸು ಅದ್ಕೆ."

ನಿಂಗರಾಜು ಮಾರನೆಯ ದಿನವೇ ಹೊರಗೆ ಹಾಕುವ ಪಾಠ ನಿಲ್ಲಿಸಿ, ಖಾಲಿ ಜಾಗ ತುಂಬುವ ಪಾಠ ಹಾಕಿದ.

ಮೌನಗುರು ಅದನ್ನೂ ಮೈದುಂಬಿ ಕಲಿಯಿತು. ಕೊಟ್ಟಿಗೆಯ ಸೂರಿನಲ್ಲಿ ಹೆಂಚೊಂದು ಜಾರಿ ತೆರವಾಗಿದ್ದ ಜಾಗಕ್ಕೆ ಬಿಸಿ ರೊಟ್ಟಿ ಇಟ್ಟಿತು. ಇಂಚರಳ ಅಂಗಿಯಲ್ಲಿ ಗುಂಡಿ ಬಿದ್ದುಹೋದ ಕಡೆ ಉದ್ದಿನವಡೆ ಸಿಕ್ಕಿಸಿತು. ಇದನ್ನೆಲ್ಲ ನೋಡಲು ಬಂದ ಮರಿಚಿಕ್ಕಣ್ಣ ಜಗಲಿಯ ಮೇಲೆ ಕೂತು, "ದೇವೀರಕ್ಕ, ಸಿಲಿಂಡರ್ ಪಕ್ಕ ಬೆಂಕಿಕಡ್ಡಿ ಗೀರ್ಬೇಡಿ, ನೀವೇ ಹತ್ಕೊಂಡೀರಿ" ಎಂದು ಬಾಯ್ತುಂಬ ನಕ್ಕ. ಬಾಯ್ತುಂಬ ಅಷ್ಟೆ, ಹಲ್ತುಂಬ ಅನ್ನುವ ಹಾಗಿರಲಿಲ್ಲ, ಮುಂದಿನ ಸಾಲಿನಲ್ಲಿ ಒಂದು ಹಲ್ಲು ಹೋಗಿತ್ತು.

ಕ್ಯಾಮೆರಾ ಕಣ್ಣು ಆ ಸಾಲನ್ನು ಕಂಡಿತು. ಒಂದು ಕೈ ಮರಿಚಿಕ್ಕಣ್ಣನ ಗಲ್ಲ ಹಿಡಿಯಿತು. ಇನ್ನೊಂದು ಕೈ ದೇವೀರಮ್ಮನ ಮೊರದಿಂದ ಸುಲಿದ ಬೆಳ್ಳುಳ್ಳಿಯ ಎಸಳೊಂದನ್ನು ಆರಿಸಿಕೊಂಡು, ಆ ಸಂದಿಗೆ ಸರಿಯಾಗಿ ಒತ್ತಿ ಕೂರಿಸಿತು. ಟ್ರಿಣ್!

"ಅಯ್ಯಯ್ಯೋ, ಉರಿ! ಉರಿ!" ಎಂದು ಮರಿಚಿಕ್ಕಣ್ಣ ನಲ್ಲಿಯ ಕಡೆಗೆ ಓಡಿದ. ಅವನು ಬಾಯಿ ಮುಕ್ಕಳಿಸಿದಷ್ಟು ಸಲವೂ ಮೌನಗುರು ಹಿಂದೆಯೇ ಹೋಗಿ ಹೊಸ ಎಸಳು ಸಿಕ್ಕಿಸಿತು!

ಆಗ ಇಂಚರ ನಕ್ಕಳು. ಹೊಟ್ಟೆ ಹಿಡಿದುಕೊಂಡು, ಕಣ್ಣಲ್ಲಿ ನೀರು ಬರುವ ಹಾಗೆ ನಕ್ಕಳು. ಕೊನೆಗೆ ಒಂದು ಸಣ್ಣ ಬಿಕ್ಕಳಿಕೆ ಬಂತು, ಮಂಗಳ ನಕ್ಕರೆ ಹೀಗೇ ಬರುತ್ತಿತ್ತು. ದೇವೀರಮ್ಮ ಮೊರ ಕೆಳಗಿಟ್ಟು ಅಡುಗೆಮನೆಗೆ ಹೋದಳು. ತೊಲೆಗಂಟಿದ ರೊಟ್ಟಿಯನ್ನು ನೋಡುತ್ತ, ಸೆರಗು ಬಾಯಿಗೆ ತುರುಕಿಕೊಂಡು ಅತ್ತಳು. ಹೊರಗೆ ಬಂದಾಗ ಕಣ್ಣು ಕೆಂಪಗಿದ್ದುದಕ್ಕೆ ಈರುಳ್ಳಿಯ ಮೇಲೆ ದೂರು ಹಾಕಿದಳು. ಹೆಚ್ಚಿದ್ದು ಬೆಂಡೆಕಾಯಿ ಎಂದು ಯಾರೂ ಎತ್ತಿ ತೋರಿಸಲಿಲ್ಲ.

* * *

ಭಾದ್ರಪದ ಮುಗಿಯುತ್ತ ಬಂತು. ಮಹಾಲಯ ಅಮಾವಾಸ್ಯೆ ಹತ್ತಿರವಾಯಿತು. ಮನೆಯಲ್ಲಿ ತೀರಿಹೋದವರಿಗೆಲ್ಲ ಅಂದು ಎಡೆ ಇಡಬೇಕು. ಗೋಡೆಗೆ ಫೋಟೋಗಳನ್ನು ಸಾಲಾಗಿ ಒರಗಿಸಿ, ಒಬ್ಬೊಬ್ಬರ ಮುಂದೂ ಬಾಳೆ ಎಲೆ ಹಾಕಿ, ಅವರವರಿಗೆ ಇಷ್ಟವಾದದ್ದನ್ನು ಬಡಿಸಬೇಕು. ಆಮೇಲೆ ಎಲ್ಲರೂ ಹೊರಗೆ ಬಂದು ಬಾಗಿಲು ಮುಚ್ಚಿಕೊಂಡು ಕಾಯಬೇಕು. ಆ ಹೊತ್ತಿನಲ್ಲಿ ಹೋದವರು ಬಂದು ಉಂಡು ಹೋಗುತ್ತಾರೆ. ಮಂಗಳಳ ವರ್ಷದ ತಿಥಿ ಮುಗಿದಿತ್ತು, ಈ ಸಲ ಹಿರಿಯರ ಜೊತೆ ಅವಳಿಗೂ ಎಡೆ.

"ನಾನಿಕ್ಕಲ್ಲ" ಎಂದಳು ದೇವೀರಮ್ಮ.

"ಹಂಗಂದ್ರೆ ಹೆಂಗತ್ತೆ? ಅವಳು ಹಸ್ಕೊಂಡ್ ಹೋಗ್ಬೇಕಾ?"

"ನನ್ ಎಡೆ ಅವ್ಳು ಇಕ್ಬೇಕಾಗಿತ್ತು ಕಣ್ಲಾ! ನಮ್ಮಪ್ಪ ಹೋದ, ಅವ್ವ ಹೋದ್ಳು, ಅಣ್ಣ ಹೋದ. ಮುಂದಕ್ಕೆ ಯಾರು? ಹಸುಗೂಸ್ನ ಕೇಳಿದ್ರೂ ದೇವೀರಮ್ಮ ಅಂತದೆ. ನನ್ನ ದಾಟ್ಕೊಂಡು ಹೋಗಿ ಅವ್ಳು ಅಲ್ಲಿ ಕೂತವ್ಳೆ. ನಾನು ಬದುಕಿದ್ದು, ಹೆತ್ತ ಮಗೀಗೆ ಎಡೆ ಇಕ್ಲಾ?"

ನಿಂಗರಾಜು ಒಲೆಯ ಕಡೆ ನೋಡಿದ. "ನೀನು ಇಕ್ಕದಿದ್ರೆ ನಾನೇ ಅಡುಗೆ ಮಾಡ್ಬೇಕಾಯ್ತದೆ ಅತ್ತೆ" ಎಂದ. "ನನ್ನ ಅಡುಗೆ ಉಣ್ಣೋಕೆ ಅವಳು ಬರಲ್ಲ."

ದೇವೀರಮ್ಮ ಎದ್ದು ಕಜ್ಜಾಯದ ಅಕ್ಕಿ ನೆನೆಹಾಕಿದಳು.

ಹಬ್ಬದ ದಿನ ಬೆಳಿಗ್ಗೆ ನಿಂಗರಾಜು ನಡುಮನೆಯ ಗೋಡೆಗೂಡಿನಲ್ಲಿದ್ದ ಮಂಗಳಳ ಫೋಟೋ ಇಳಿಸಿದ. ಆ ಗೂಡಿನಲ್ಲಿ ಮೂರು ಫೋಟೋ ಇರುತ್ತಿದ್ದವು. ಒಂದು ಕೊನೆಗೆ ನಿಂಗರಾಜು, ಇನ್ನೊಂದು ಕೊನೆಗೆ ಇಂಚರ, ನಡುವೆ ಮಂಗಳ. ಈಗ ನಡುವೆ ಧೂಳಿಲ್ಲದ ಒಂದು ಚೌಕ ಮಾತ್ರ ಉಳಿಯಿತು. ಇಂಚರ ಆ ಚೌಕವನ್ನು ನೋಡಿ ಬೇರೆ ಕಡೆಗೆ ತಿರುಗಿದಳು.

ನಡುಮನೆಯಲ್ಲಿ ಫೋಟೋಗಳು ಸಾಲಾಗಿ ಕೂತವು. ದೇವೀರಮ್ಮನ ಅಪ್ಪ, ಅವ್ವ, ಅಣ್ಣ ಸಣ್ಣೇಗೌಡ, ಕೊನೆಗೆ ಮಂಗಳ. ಎಲ್ಲರಿಗೂ ಸೇವಂತಿಗೆ ಹಾರ. ಸಣ್ಣೇಗೌಡನ ಎಲೆಗೆ ಕುರಿಮಾಂಸದ ಸಾರು, ಪಕ್ಕಕ್ಕೆ ಬೀಡಿಕಟ್ಟು, ಬ್ರಾಂದಿಯ ಪುಟ್ಟ ಬಾಟಲಿ. ಮಂಗಳಳ ಎಲೆಗೆ ಕಜ್ಜಾಯ, ಬಸ್‌ಸ್ಟ್ಯಾಂಡಿನ ಖಾರಬೂಂದಿ, ಹೊಸ ಸೀರೆ. ಅವಳ ಫೋಟೋದ ಮೂಲೆಗೆ ದೇವೀರಮ್ಮ ಒಂದು ಡಜನ್ ಹಸಿರು ಬಳೆಗಳನ್ನು ದಾರ ಕಟ್ಟಿ ತೂಗುಹಾಕಿದಳು.

ಎಲ್ಲ ಮುಗಿದು ಹೊರಗೆ ಹೊರಡುವಾಗ ನಿಂಗರಾಜು ಮೌನಗುರುವನ್ನು ತಳ್ಳಿಕೊಂಡು ಬಂದು, ಮಂಗಳಳ ಎಲೆಯ ಎದುರಿಗೆ ನಿಲ್ಲಿಸಿದ.

"ಇದ್ಯಾಕ್ಲಾ ಇಲ್ಲಿ?"

"ಅವಳು ಮಾಡ್ಕೊಡು ಅಂದಿದ್ಲು ಅತ್ತೆ." ಅವನ ದನಿ ನೆಲಕ್ಕಿಳಿದಿತ್ತು. "ಅಪ್ಪಂಗೆ ಬೀಡಿ ಇಟ್ಟಿದ್ದೀವಿ. ಅವಳಿಗೆ ಇದಿರ್ಲಿ. ಬಂದೋಳು ಒಂದ್ಸಲ ನೋಡ್ಲಿ."

ಯಾವತ್ತೂ ಒಂದಕ್ಕೆರಡು ಆಡುವ ದೇವೀರಮ್ಮ ಅಂದು ಎಲೆಯನ್ನು ಸ್ವಲ್ಪ ಸರಿಸಿ ಅದಕ್ಕೆ ಜಾಗ ಮಾಡಿಕೊಟ್ಟಳು. ಅದರ ಬ್ಯಾಟರಿ ಬಿಚ್ಚಿದ್ದಾನೋ ಇಲ್ಲವೋ ಎಂದು ಕೇಳಲಿಲ್ಲ. ಅವನು ಬಿಚ್ಚಿರಲಿಲ್ಲ. ಅಷ್ಟೇ ಅಲ್ಲ, ಹಿಂದಿನ ದಿನವಷ್ಟೇ ಎರಡೂ ಪಾಠಗಳನ್ನು ಸೇರಿಸಿದ್ದ. ಗುಂಪಿಗೆ ಸೇರದ್ದನ್ನು ಅದರ ಜಾಗಕ್ಕೆ ಒಯ್ಯುವುದು, ತೆರವಾದ ಕಡೆಗೆ ಸರಿಯಾದದ್ದನ್ನು ತಂದು ತುಂಬುವುದು!

ಬಾಗಿಲು ಮುಚ್ಚಿತು. ಎಲ್ಲರೂ ಅಂಗಳದಲ್ಲಿ ನಿಂತರು. ಎಡೆಯ ಊಟಕ್ಕೆ ಕರೆದಿದ್ದ ಮರಿಚಿಕ್ಕಣ್ಣನೂ ಬಾಯಿ ಬಿಗಿಯಾಗಿ ಮುಚ್ಚಿಕೊಂಡು ನಿಂತಿದ್ದ. ಇತ್ತೀಚೆಗೆ ಈ ಮನೆಗೆ ಬಂದರೆ ಅವನು ಬಾಯಿ ತೆರೆಯುತ್ತಿರಲಿಲ್ಲ.

ಒಳಗೆ ಸದ್ದಾಯಿತು.

ಮೊದಲು ಏನೋ ಸರಿದ ಹಾಗೆ. ಆಮೇಲೆ ಬಾಟಲಿ ಉರುಳಿದ ಹಾಗೆ.

"ಬಂದ್ರು!" ಮರಿಚಿಕ್ಕಣ್ಣ ತಡೆಯಲಾರದೆ ಪಿಸುಗುಟ್ಟಿದ. "ಸಣ್ಣೇಗೌಡ್ರು ಬಂದ್ರು! ನೆಟ್ಟಗೆ ಬಾಟ್ಲಿಗೇ ಕೈ ಹಾಕವ್ರೆ!"

"ಸುಮ್ಕಿರೋ" ಎಂದಳು ದೇವೀರಮ್ಮ. ಇಷ್ಟು ವರ್ಷ ಎಡೆ ಇಟ್ಟಿದ್ದಾಳೆ, ಬಾಗಿಲ ಹೊರಗೆ ಕಾದಿದ್ದಾಳೆ, ಒಂದು ಸಲವೂ ಒಳಗಿನಿಂದ ಸದ್ದು ಕೇಳಿದ್ದಿಲ್ಲ.

ಆಗ ಬಳೆಗಳು ಸದ್ದು ಮಾಡಿದವು.

ದೇವೀರಮ್ಮ ಅಂಗಳದ ಕಲ್ಲಿನ ಮೇಲೆ ಕೂತಳು. ಗಾಜಿನ ಬಳೆ ತುಂಬಿದ ಕೈ ಎತ್ತಿ ಇಳಿಸಿದರೆ ಬರುವ ಸದ್ದು. ಮಗಳು ಮುಂಜಾನೆ ನೀರು ಸೇದುವಾಗ, ಹಿಟ್ಟು ನಾದುವಾಗ, ಮಗುವಿನ ಜಡೆ ಹೆಣೆಯುವಾಗ ಬರುತ್ತಿದ್ದ ಸದ್ದು. ಬಂದಳು, ಹಸಿದು ಬಂದಳು, ನಾನು ಎಡೆ ಇಡುವುದಿಲ್ಲ ಎಂದಿದ್ದೆನಲ್ಲ ಎಂದುಕೊಂಡಳು.

"ಅಮ್ಮಾ!"

ಇಂಚರ ಬಾಗಿಲಿಗೆ ಓಡಿದ್ದಳು. ಎರಡೂ ಕೈಯಲ್ಲಿ ಬಡಿಯುತ್ತಿದ್ದಳು. "ಅಮ್ಮಾ! ಅಮ್ಮಾ, ಹೋಗ್ಬೇಡ! ಒಂದ್ನಿಮಿಷ ಇರು! ಅಮ್ಮಾ!" ಒಂದು ವರ್ಷದಿಂದ ಆ ಮಾತು ಆ ಬಾಯಲ್ಲಿ ಬಂದಿರಲಿಲ್ಲ. ನಿಂಗರಾಜು ಕಂಬಕ್ಕೆ ಒರಗಿ ನಿಂತಿದ್ದ. ಅವನ ಕಣ್ಣೂ ಆ ಬಾಗಿಲ ಮೇಲೆಯೇ ಇತ್ತು, ಅವನೂ ಕಾಯುತ್ತಿದ್ದ.

ಟ್ರಿಣ್!

ಸೈಕಲ್ ಬೆಲ್ಲು ಅಂಗಳಕ್ಕೆಲ್ಲ ಕೇಳಿಸಿತು. ಇಂಚರಳ ಕೈ ಬಾಗಿಲ ಮೇಲೆ ಹಾಗೇ ನಿಂತಿತು. ಅದು ಯಾರ ಸದ್ದು ಎಂದು ಯಾರೂ ಯಾರಿಗೂ ಹೇಳಬೇಕಾಗಿರಲಿಲ್ಲ. ಮರಿಚಿಕ್ಕಣ್ಣ ಕೂಡ ತಲೆ ತಗ್ಗಿಸಿದ. ಬಾಗಿಲು ತೆಗೆಯಲು ಯಾರಿಗೂ ಮನಸ್ಸಿರಲಿಲ್ಲ, ಮುಚ್ಚಿರುವಷ್ಟು ಹೊತ್ತಾದರೂ ಒಳಗೆ ಮಂಗಳ ಇದ್ದಳು. ಕೊನೆಗೆ ದೇವೀರಮ್ಮನೇ ಮೊಣಕಾಲು ಹಿಡಿದು ಎದ್ದು, ಮೊಮ್ಮಗಳ ಕೈ ಹಿಡಿದುಕೊಂಡು ಬಾಗಿಲು ತಳ್ಳಿದಳು.

ಬ್ರಾಂದಿಯ ಬಾಟಲಿ ಉರುಳಿತ್ತು. ಬೀಡಿಕಟ್ಟು ಮೌನಗುರುವಿನ ಚಕ್ರಕ್ಕೆ ಸಿಕ್ಕಿ ಪುಡಿಯಾಗಿತ್ತು. ಫೋಟೋಗಳ ಸಾಲು ಹಾಗೇ ಇತ್ತು. ದೇವೀರಮ್ಮನ ಅಪ್ಪ, ಅವ್ವ, ಅಣ್ಣ. ಕೊನೆಯಲ್ಲಿ ಮಂಗಳ ಇರಲಿಲ್ಲ. ಅಲ್ಲಿ, ಸೇವಂತಿಗೆ ಹಾರ ಹಾಕಿಕೊಂಡು, ಬಿಳಿ ಕೂದಲು ಕೆದರಿಕೊಂಡು, ಎರಡು ಕೆಂಪು ಸಿಲಿಂಡರ್‌ಗಳ ನಡುವೆ ಕಣ್ಣು ಬಿಟ್ಟುಕೊಂಡು ದೇವೀರಮ್ಮ ಕೂತಿದ್ದಳು! ಎದುರಿಗೆ ಕಜ್ಜಾಯ, ಖಾರಬೂಂದಿ, ಹೊಸ ಸೀರೆ.

ಮಂಗಳ ಗೂಡಿನಲ್ಲಿದ್ದಳು. ಗಂಡನಿಗೂ ಮಗಳಿಗೂ ನಡುವೆ, ಧೂಳಿಲ್ಲದ ಚೌಕದ ಮೇಲೆ, ಸರಿಯಾಗಿ. ಹಾರ ಇರಲಿಲ್ಲ. ಹಸಿರು ಬಳೆಗಳು ಇನ್ನೂ ಮೆಲ್ಲಗೆ ಅಲುಗುತ್ತಿದ್ದವು.

"ನನ್ನ ಚಪ್ಲೀಲಿ ಹೊಡಿ ಅತ್ತೆ" ಎಂದ ನಿಂಗರಾಜು. "ಎಡೆ ಇಕ್ಕೋ ಹೊತ್ನಲ್ಲಿ ಬದುಕಿರೋ ನಿಂಗೆ ಹಾರ ಹಾಕ್ಬುಡ್ತಲ್ಲ..."

"ಅದು ಸರಿಯಾಗೇ ಮಾಡಿದೆ ಅಪ್ಪ" ಎಂದಳು ಇಂಚರ.

ಅವಳ ಗಲ್ಲ ಒದ್ದೆಯಾಗಿತ್ತು. ಆದರೂ ಬೆರಳು ಮಾಡಿ ಒಂದೊಂದೇ ಫೋಟೋ ತೋರಿಸಿದಳು. "ಇವ್ರಿಗೆ ಬಿಳಿ ಕೂದ್ಲು. ಇವ್ರಿಗೂ ಬಿಳಿ. ತಾತಂಗೂ ಬಿಳಿ. ಅಮ್ಮಂಗೆ ಮಾತ್ರ ಪೂರ್ತಿ ಕಪ್ಪು. ಅಮ್ಮ ಈ ಗುಂಪಿಗೆ ಸೇರಲ್ಲ." ಆಮೇಲೆ ಗೂಡಿನ ಕಡೆ ನೋಡಿ, ಮೆಲ್ಲಗೆ, "ಅದು ಹೊರಗೆ ಹಾಕ್ಲಿಲ್ಲ ಅಜ್ಜಿ. ಅವ್ರ ಮನೆಗೆ ಕಳಿಸ್ತು" ಎಂದಳು.

ದೇವೀರಮ್ಮ ತನ್ನ ಫೋಟೋದ ಮುಂದೆ, ತನ್ನ ಎಡೆಯ ಮುಂದೆ ಕೂತಳು. ನಗು ಬಂತು, ಅದರ ಬೆನ್ನಿಗೇ ಅಳು. "ಮುಂದ್ಲದ್ದು ನಾನೇ ಕಣವ್ವ" ಎಂದಳು. "ಸರಿಯಾದ ಸಾಲು ಇದೇಯ. ಈ ಡಬ್ಬಕ್ಕೂ ಗೊತ್ತಾಯ್ತು, ನೋಡು."

ಇಂಚರ ಬಗ್ಗಿ ಆ ಫೋಟೋ ಎತ್ತಿಕೊಂಡಳು. ಹಾರ ತೆಗೆದಳು. ಮೌನಗುರು ಲಾರಿ ಹಾರನ್ ಬಾರಿಸಿತು.

"ನೀನು ಸುಮ್ನಿರು" ಎಂದಳು ಅದಕ್ಕೆ. "ನೀನು ಬರೀ ಕೂದ್ಲು ನೋಡ್ತೀಯ." ಅಜ್ಜಿಯ ಕಡೆ ತಿರುಗಿದಳು. "ನೀನೂ ಸೇರಲ್ಲ. ನೀನು ಹೋದ್ರೆ ನಂಗೆ ಜಡೆ ಯಾರು ಹಾಕ್ತಾರೆ?"

ದೇವೀರಮ್ಮ ಅವಳನ್ನು ಎಳೆದು ಮಡಿಲಿಗೆ ಹಾಕಿಕೊಂಡಳು. ವರ್ಷದ ಅಳು ಅಂದು ಬಂತು. ಮೌನಗುರು ಎರಡನೆಯ ಸಲ ಹಾರನ್ ಬಾರಿಸಿತು, ಮೂರನೆಯ ಸಲಕ್ಕೆ ನಿಂಗರಾಜು ತನ್ನ ಅಂಗಿ ಬಿಚ್ಚಿ ಅದರ ಕಣ್ಣಿಗೆ ಹೊದಿಸಿದ. ಹೊದಿಸಿ, ಅದರ ಪಕ್ಕದಲ್ಲೇ ಕೂತು ಅವನೂ ಅತ್ತ.

ಮಂಗಳಳ ಎಲೆಯನ್ನು ದೇವೀರಮ್ಮ ಗೂಡಿನ ಕೆಳಗೆ ಎಳೆದಿಟ್ಟಳು. ಶಾಸ್ತ್ರಕ್ಕೆ ಅದು ಸರಿಯೋ ತಪ್ಪೋ ಎಂದು ಕೇಳಿದ ಮರಿಚಿಕ್ಕಣ್ಣನಿಗೆ, "ಬೆಳ್ಳುಳ್ಳಿ ತರ್ಲಾ?" ಎಂದಳು. ಅವನು ಬಾಯಿ ಮುಚ್ಚಿ, ಊಟಕ್ಕೆ ಮಾತ್ರ ತೆರೆದ.

ಮಧ್ಯಾಹ್ನ ಇಂಚರ ಜಗಲಿಯಲ್ಲಿ ಆ ಮೀನಿನ ಹಾಳೆ ತೆಗೆದಳು. ಪೆನ್ಸಿಲ್ಲಿಂದ ಎಡಕ್ಕೆ ಮುಖ ಮಾಡಿದ ಮೀನಿಗೆ ಗುರುತು ಹಾಕಿದಳು. ಮುಂದಿನ ಹಾಳೆಗೂ ಹಾಕಿದಳು, ಅದರ ಮುಂದಿನದಕ್ಕೂ. ಒಂದೊಂದಕ್ಕೂ ಗುರುತು ಹಾಕಿ, 'ಹೋಗು ಮನೆಗೆ' ಎಂದು ಪಿಸುಗುಡುತ್ತಿದ್ದಳು. ಸಂಕ್ರಾಂತಿ ಕಳೆದ ಮೇಲೆ ಪರೀಕ್ಷೆ. ಸೀಟು ಸಿಕ್ಕಿದರೆ ಈ ಜಡೆಯೂ ಹಾಸ್ಟೆಲ್ಲಿಗೆ ಹೋಗುತ್ತದೆ ಎಂಬ ಯೋಚನೆ ದೇವೀರಮ್ಮನಿಗೆ ಬಂತು. ಅದನ್ನು ನುಂಗಿಕೊಂಡು ನೋಡುತ್ತ ಕೂತಳು.

ನಿಂಗರಾಜು ಮೌನಗುರುವನ್ನು ಹಗ್ಗ ಹಾಕಿ ಎಳೆದುಕೊಂಡು ಹೊರಟಿದ್ದ.

"ಎಲ್ಲಿಗ್ಲಾ?"

"ಗುಜರಿಗೆ ಅತ್ತೆ. ಏನು ಮಾಡಿದ್ರೂ ತಪ್ಪೇ ಮಾಡ್ತದೆ."

"ಇರ್ಲಿ ಬುಡು. ಮೇಷ್ಟ್ರು ಇಡೀ ಸಾಲ್ನಲ್ಲಿ ತಪ್ಪು ಎಲ್ಲಿದೆ ಅಂತ ಸರಿಯಾಗೇ ಹಿಡ್ದವ್ರೆ." ದೇವೀರಮ್ಮ ಬೆಳ್ಳುಳ್ಳಿಯ ಮೊರ ಹತ್ತಿರಕ್ಕೆಳೆದುಕೊಂಡು, ಒಮ್ಮೆ ಸೂರಿನಾಚೆಯ ಆಕಾಶದ ಕಡೆ ಕಣ್ಣೆತ್ತಿದಳು. "ಮುಂದ್ಲದ್ದು ಯಾವ್ದು ಅಂತ ಗೊತ್ತಾಗದೆ ತಪ್ಪು ಗುರುತು ಹಾಕ್ದೋನು ಅಲ್ಲಿ ಮ್ಯಾಲೆ ಕೂತವ್ನೆ. ನಿನ್ ಕೈಲಾದ್ರೆ ಅವ್ನಿಗೂ ಇಂಥ ಮೇಷ್ಟ್ರನ್ನ ಒಂದು ಮಾಡ್ಕೊಡು."